ಎರಡೂವರಿ ಸಾವಿರದಾಗ ಮನ್ಯಾಗ ಶೋಕೇಸ್ ಆಗ್ತೈತೇನ್ರಿ?

ಸೈಕಲ್ ಮನಿ, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಸೈಕಲ್ ರೇಸ್ ಹೊಡಿತಾಳ. ಗೆದ್ದ ಕಪ್ ಎಲ್ಲಾ ಟಿವಿ ಮ್ಯಾಲ, ಫ್ರಿಜ್ ಮ್ಯಾಲ, ಕಿಡಕಿ ಕಟ್ಟಿ ಮ್ಯಾಲ ಕುಂತಾವು. ಮೆಡಲ್ ಅಂತೂ ಬಾಗಲದ ಹಿಡಕಿಗೇ ಜೋತ ಬಿಟ್ಟಾಳ, ಬಾಗಲಾ ತಗದಾಗೊಮ್ಮೆ ಖಣಖಣ ಅಂತಾವು. ಇವಕ್ಕೊಂದು ಜಾಗಾ ಮಾಡೂಣು ಅಂತ ಫರ್ನಿಚರ್ ಅಂಗಡಿಗೆ ಹೋದ್ರ ಗಾಜಿನ ಶೋಕೇಸಿಗೆ ಒಂಬತ್ತು ಸಾವಿರ ಅಂದ್ರು. ಅದೂ ಕಟ್ಟಿಗಿ ಪುಡಿ ಒತ್ತಿದ ಹಲಗಿದು.

ಹಳೇ ಬಾಗಲಕೋಟ್ಯಾಗ ನಮ್ಮ ಮನಿ ಇದ್ದಾಗ ಗೋಡಿ ಎರಡು ಫೂಟ ದಪ್ಪ, ಎಲ್ಲಿ ನೋಡಿದ್ರೂ ಮಾಡ. ಆಲಮಟ್ಟಿ ಹಿನ್ನೀರಿಗೆ ಆ ಮನಿ ಹೋತು. ನವನಗರದ ಈ ಸಿಮೆಂಟ್ ಬ್ಲಾಕಿನ ಗೋಡ್ಯಾಗ ಒಂದು ದೀಪಾ ಇಡಾಕೂ ಮಾಡ ಇಲ್ಲ.

ಬಾಗಲಕ್ಕೂ ಕಿಡಕಿಗೂ ನಡುವ 32 ಇಂಚ್ ಗೋಡಿ ಖಾಲಿ ಐತಿ. ಕೈಗರಗಸ, ಟೇಪ್ ನನ್ನ ಕಡೆ ಅದಾವು, ಡ್ರಿಲ್ ಅಳ್ಯಾನ ಕಡೆ ಐತಿ. ಎರಡೂವರಿ ಸಾವಿರದ ಒಳಗ ನಾನs ಮಾಡ್ಕೋಬಹುದೇನ್ರಿ?

ಬಡಿಗೇರ ಓಣಿ, ಮುಧೋಳ

ಆಗ್ತೈತಿ. ಆದ್ರ ಮೊದಲ ಇಷ್ಟು ಹೇಳ್ರಿ. ಎಲ್ಲಾದ್ದಕ್ಕಿಂತ ಎತ್ತರದ ಕಪ್ ಎಷ್ಟು ಇಂಚ್? ಅದರ ಬುಡದ ಅಗಲ ಎಷ್ಟು? ಪುಸ್ತಕಾ ಇಡೋರದೀರೇನ? ಮನ್ಯಾಗ ಸಣ್ಣ ಹುಡುಗ್ರು ಅದಾರೇನ? ಇದಕ್ಕ ಉತ್ತರಾ ಇಲ್ದ ಪ್ಲೈ ಅಂಗಡಿ ಮೆಟ್ಟಲಾ ಹತ್ತಬ್ಯಾಡ್ರಿ.

ಸೈಕಲ್ ಮನಿ, ಬಾಗಲಕೋಟೆ

ದೊಡ್ಡ ಕಪ್ 16 ಇಂಚ್ ಅಣ್ಣಾರ, ಬುಡ 6 ಇಂಚ್. ಪುಸ್ತಕಾ ಇಲ್ಲ. ನಮ್ಮ ಮನಿಯವರು ಗೋಕಾಕದ ಕಟ್ಟಿಗಿ ಹಣ್ಣು ಒಂದು ಬುಟ್ಟಿ ಇಟ್ಕೊಂಡಾರ, ಅವೂ ಬೇಕಂತ. ಮಣ್ಣೆತ್ತಿನ ಅಮಾಸಿಗೆ ತಂದ ಎತ್ತಿಗೂ ಒಂದು ಸಾಲು ಬೇಕಂತ. ಸಣ್ಣ ಮಗಾ ಒಬ್ಬ ಅದಾನ, ನಾಕು ವರ್ಷದಾಂವ. ಸಿಕ್ಕದ್ದೆಲ್ಲಾ ಹತ್ತತಾನ.

ಬಡಿಗೇರ ಓಣಿ, ಮುಧೋಳ

ಹಂಗಾದ್ರ ಆಳ 7¾ ಇಂಚ್ ಸಾಕು. ಎಲ್ಲಾರೂ ಕಪಾಟದ ಹಂಗ ಒಂದು ಫೂಟ, ಒಂದೂಕಾಲು ಫೂಟ ಆಳ ಇಡ್ತಾರ, ರೊಕ್ಕ ಹಾಳಾಗೂದು ಅಲ್ಲೇ. ಕಪ್ ಒಂದರ ಹಿಂದ ಒಂದು ನಿಂತ್ರ ಹಿಂದಿಂದು ಯಾರಿಗೆ ಕಾಣಬೇಕ್ರಿ? ತೋರಸಾಕ ಮಾಡೂ ಶೆಲ್ಫ್ ಇದು, ತುಂಬಿಡಾಕಲ್ಲ.

ಪ್ಲೈ ಶೀಟ್ 8 ಫೂಟ ಉದ್ದ, 4 ಫೂಟ ಅಗಲ ಇರತೈತಿ. ನಿಮಗ ಅದರಾಗ ಅರ್ಧಾ ಸಾಕು, ಅಂದ್ರ 8 ಫೂಟ ಉದ್ದ, 2 ಫೂಟ ಅಗಲ. 18 ಎಂಎಂ ಕಮರ್ಷಿಯಲ್ ಪ್ಲೈ ತಗೋರಿ. ಅಂಗಡ್ಯಾಗ ಮಶೀನ್ ಮ್ಯಾಲ ಉದ್ದುದ್ದಕ್ಕ ಮೂರು ಪಟ್ಟಿ ಕೊಯ್ಸ್ರಿ. ಲೆಕ್ಕಕ್ಕ 8 ಇಂಚಿನವು ಮೂರು ಬರಬೇಕು. ಆದ್ರ ಬ್ಲೇಡ್ ಕೊಯ್ದಾಗೊಮ್ಮೆ ಸುಮಾರು 3 ಎಂಎಂ ತಿಂತೈತಿ, ಅದಕ್ಕs 7¾ ಅಂದದ್ದು.

ಮೊದಲ್ನೇ ಪಟ್ಟ್ಯಾಗ 60 ಇಂಚಿನ ಒಂದು ನಿಲುವು, 28½ ಇಂಚಿನ ಒಂದು ಹಲಗಿ. ಎರಡ್ನೇ ಪಟ್ಟ್ಯಾಗೂ ಅಷ್ಟs. ಮೂರ್ನೇದ್ರಾಗ 28½ ಇಂಚಿನವು ಮೂರು ಹಲಗಿ. ಎರಡು ನಿಲುವು, ಐದು ಹಲಗಿ ಆತು. ಉಳಿಯೂದು ಮೂರು ತುಣುಕು. ಒಟ್ಟು ಅಗಲ ಎರಡೂವರಿ ಫೂಟ, ನಿಮ್ಮ 32 ಇಂಚಿನ ಗೋಡ್ಯಾಗ ಕುಂತು ಎರಡೂ ಕಡೆ ಒಂದೊಂದು ಇಂಚ್ ಉಳಿತೈತಿ.

ಕೆಳಗಿನ ಹಲಗಿ ನೆಲದಿಂದ 3 ಇಂಚ್ ಮ್ಯಾಲ ಹಚ್ಚ್ರಿ. ಅಲ್ಲಿಂದ ಖಾನೆ ಕೆಳಗಿಂದ ಮ್ಯಾಲಕ 17, 14, 12, 10½ ಇಂಚ್. ಹಲಗಿ ದಪ್ಪ ಸೇರಿದ್ರ 60 ಬರೋಬ್ಬರಿ ಬರತೈತಿ, ಕೂಡಿಸಿ ನೋಡ್ರಿ. ದೊಡ್ಡ ಕಪ್ ಕೆಳಗ, ಮಣ್ಣೆತ್ತು ಮ್ಯಾಲ. ಹುಡುಗನ ಕೈಗೆ ಸಿಗಬಾರದಲ್ಲ.

ತಿಕೋಟಾ ದ್ರಾಕ್ಷಿ, ವಿಜಯಪುರ

ಬಡಿಗೇರ ಕಾಕಾ ಛಲೋ ಹೇಳ್ಯಾರ. ಆದ್ರ ಪ್ಲೈಗೆ ಪ್ರೈಮರ್, ಪೇಂಟ್ ಅಂತ ಮತ್ತ ಖರ್ಚು ಅದ. ಮೊದಲs ಸನ್‌ಮೈಕಾ ಹಚ್ಚಿದಂಗ ಬರ್ತದಲ್ಲ, ಪ್ರೀಲ್ಯಾಮಿನೇಟೆಡ್ ಬೋರ್ಡ್, ಅದನ್ನ ತಗೊಂಡ್ರ ಕೊಯ್ದು ಜೋಡ್ಸೂದೊಂದೇ ಕೆಲಸ. ನಮ್ಮ ಮನ್ಯಾಗ ಅದರದೇ ಟಿವಿ ಸ್ಟ್ಯಾಂಡ್ ಅದ, ಏನೂ ಆಗಿಲ್ಲ.

ಮಳಿಗಾಲದ ಬೆಳಗಾವಿ

ತಿಕೋಟಾದಾಗ ಏನೂ ಆಗಂಗಿಲ್ಲ ಬಿಡ್ರಿ, ಮಳಿ ಬಂದ್ರ ತಾನೆ. ಇಲ್ಲಿ ಜೂನ್‌ದಾಗ ಹಿಡದ್ರ ಸೆಪ್ಟೆಂಬರ್ ತನಕ ಅರಿವಿ ಒಣಗಂಗಿಲ್ಲ. ಆ ಬೋರ್ಡಿನ ಒಳಗ ಇರೂದು ಪಾರ್ಟಿಕಲ್ ಬೋರ್ಡ್, ಅಂದ್ರ ಕಟ್ಟಿಗಿ ಪುಡಿ ಒತ್ತಿದ್ದು. ಅದರ ಅಂಚಿಗೆ ಒಮ್ಮೆ ನೀರು ಹೋದ್ರ ಉಬ್ಬತೈತಿ, ಉಬ್ಬಿದ್ದು ಹೊಳ್ಳಿ ಇಳಿಯಂಗಿಲ್ಲ. ಕಟ್ಟಿಗಿ ನಾರು ಒತ್ತಿದ ಎಂಡಿಎಫ್ ಹಲಗಿ ಕಥಿನೂ ಹೆಚ್ಚುಕಡಿಮಿ ಅಷ್ಟs. ಗೋಡಿ ತಂಪು ಹಿಡದ್ರ ಹಿಂದಿನ ಮೈಗೆ ಬೂಸಲಾ ಬರತೈತಿ, ಅದಕ್ಕ ನಾವು ಏನೇ ಇಟ್ರೂ ಗೋಡಿಯಿಂದ ಒಂದು ಬಟ್ಟು ಬಿಟ್ಟು ಇಡ್ತೀವಿ.

ನನಗೂ ಒಂದು ಬೇಕಾಗೈತಿ, ಆದ್ರ 4 ಫೂಟ ಅಗಲದ್ದು, ಅರ್ಧಾ ಪುಸ್ತಕಾ ಅರ್ಧಾ ಸಾಮಾನಾ. ಇದೇ ಅಳತಿ ಅಗಲಾ ಮಾಡಿದ್ರ ನಡಿತೈತೇನು?

ಬಡಿಗೇರ ಓಣಿ, ಮುಧೋಳ

ಪುಡಿ ಹಲಗ್ಯಾಗ ಇನ್ನೊಂದು ತ್ರಾಸ ಐತಿ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿಗೆ ಹೊಳ್ಳಿ ಹಾಕಿದ್ರ ಹಿಡಿಯಂಗಿಲ್ಲ. ಕಪ್, ಗೊಂಬಿ ಇಷ್ಟs ಇಡೂದಿದ್ದು, ಊರು ವಿಜಯಪುರ ಆಗಿದ್ರ ಅಡ್ಡಿ ಇಲ್ಲ, ತಗೋರಿ. ಬೆಳಗಾವಿ, ಖಾನಾಪುರಕ್ಕ ನಾ ಅಂತೂ ಹೂಂ ಅನ್ನಂಗಿಲ್ಲ. 4 ಫೂಟಿಗೂ ಹೂಂ ಅನ್ನಂಗಿಲ್ಲ. ಯಾಕ ಅಂತ ಲೆಕ್ಕದ ಮಾಸ್ತರ ಹೇಳ್ಲಿ, ಅವರು ಬಂದs ಬರ್ತಾರ.

ಲೆಕ್ಕದ ಮಾಸ್ತರ, ವಿಜಯಪುರ

ಕರೆದಿದ್ದೀರಿ, ಬಂದೆ.

ಹಲಗೆಯ ಉದ್ದಕ್ಕೂ ಭಾರ ಸಮನಾಗಿ ಹರಡಿದ್ದರೆ, ನಡುವಿನ ಬಾಗು ಉದ್ದದ ನಾಲ್ಕನೇ ಘಾತದ ಪ್ರಮಾಣದಲ್ಲಿ ಏರುತ್ತದೆ. ಎರಡೂವರೆ ಅಡಿಯನ್ನು ನಾಲ್ಕು ಅಡಿ ಮಾಡಿದರೆ ಉದ್ದ 1.6 ಪಟ್ಟು ಮಾತ್ರ, ಆದರೆ ಬಾಗು ಆರೂವರೆ ಪಟ್ಟು. ದಪ್ಪದ ಲೆಕ್ಕ ಘನದಲ್ಲಿ. 12 ಮಿಮೀ ಬದಲು 18 ಮಿಮೀ ಹಾಕಿದರೆ ದಪ್ಪ ಒಂದೂವರೆ ಪಟ್ಟು, ಬಾಗದೆ ನಿಲ್ಲುವ ಶಕ್ತಿ ಸುಮಾರು ಮೂರೂಕಾಲು ಪಟ್ಟು. ಹಾಗಾಗಿ 12 ಮಿಮೀ ತೆಗೆದುಕೊಂಡು ಉಳಿಸುವ ದುಡ್ಡು ಉಳಿತಾಯವಲ್ಲ.

ಪುಸ್ತಕದ ಭಾರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಒತ್ತಾಗಿ ನಿಲ್ಲಿಸಿದ ಪುಸ್ತಕ ಒಂದು ಅಡಿಗೆ ಸುಮಾರು 10 ಕಿಲೋ ತೂಗುತ್ತದೆ. ನಾಲ್ಕು ಅಡಿಗೆ 40 ಕಿಲೋ. ಅದೂ ಹಗಲು ರಾತ್ರಿ, ವರ್ಷಗಟ್ಟಲೆ. ಮರದ ಯಾವುದೇ ಹಲಗೆ ನಿರಂತರ ಭಾರಕ್ಕೆ ನಿಧಾನವಾಗಿ ಇನ್ನಷ್ಟು ಇಳಿಯುತ್ತದೆ. ಮೊದಲ ದಿನ ಕಂಡ ಬಾಗು ಕೊನೆಯ ಬಾಗಲ್ಲ. ಪಾರ್ಟಿಕಲ್ ಬೋರ್ಡಿನಲ್ಲಿ ಈ ಇಳಿತ ಪ್ಲೈಗಿಂತ ಹೆಚ್ಚು.

ಬೆಳಗಾವಿಯವರಿಗೆ ಎರಡು ದಾರಿ ಇವೆ. ಒಂದು, ನಾಲ್ಕು ಅಡಿಯ ನಡುವೆ ಒಂದು ನಿಲುವು ಹಲಗೆ ಹಾಕಿ ಎರಡೆರಡು ಅಡಿಯ ಖಾನೆ ಮಾಡಿ. ಬಾಗು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು, ಮುಂಭಾಗದ ಅಂಚಿಗೆ ಒಂದೂವರೆ ಇಂಚು ಎತ್ತರದ ಮರದ ಪಟ್ಟಿಯನ್ನು ಅಂಟು, ಸ್ಕ್ರೂ ಎರಡೂ ಹಾಕಿ ಕೂಡಿಸಿ. 18 ಮಿಮೀ ದಪ್ಪದ ಆ ಒಂದು ಪಟ್ಟಿ ನಿಂತಾಗ ಕೊಡುವ ಬಲ ಮಲಗಿದ ಇಡೀ 7¾ ಇಂಚಿನ ಹಲಗೆಯ ಬಲಕ್ಕೆ ಹತ್ತಿರ ಹತ್ತಿರ ಬರುತ್ತದೆ. ಬಾಗು ಸರಿಸುಮಾರು ಅರ್ಧವಾಗುತ್ತದೆ, ಪ್ಲೈನ ಕೊಯ್ದ ಅಂಚೂ ಮುಚ್ಚುತ್ತದೆ.

ಮಳಿಗಾಲದ ಬೆಳಗಾವಿ

ನಡುವ ನಿಲುವು ಹಾಕ್ತೀನ್ರಿ ಸರ್. ನಾಲ್ಕನೇ ಘಾತ ಅಂದ ಕೂಡ್ಲೇ ಹೆದರಿಕಿ ಬಂತು.

ಉದ್ಯಮಬಾಗ ಸೆಕೆಂಡ್ ಶಿಫ್ಟ್, ಬೆಳಗಾವಿ

ನೀವೆಲ್ಲಾ ಪ್ಲೈ ಪ್ಲೈ ಅಂತೀರಿ. ನಮ್ಮ ಕಡೆ ಕಾರಖಾನಿಗೆ ಮಶೀನ್, ಬಿಡಿಭಾಗ ಬರೂದು ಪೈನ್ ಕಟ್ಟಿಗಿ ಪೆಟ್ಟಿಗ್ಯಾಗ. ಖಾಲಿ ಆದ ಪೆಟ್ಟಿಗಿ, ಪ್ಯಾಲೆಟ್ ಮೋಡಕಾದವ್ರ ಕಡೆ ಕಿಲೋ ಲೆಕ್ಕದಾಗ ಸಿಗತಾವು. ರಂದಾ ಹೊಡದ್ರ ಒಳಗ ಹಳದಿ ಬಣ್ಣದ ಚಂದ ಕಾಣೂ ಕಟ್ಟಿಗಿ. ಅದರಾಗs ನಮ್ಮ ಮನ್ಯಾಗ ಚಪ್ಪಲಿ ಸ್ಟ್ಯಾಂಡ್, ಗಿಡದ ಕುಂಡಿ ಸ್ಟ್ಯಾಂಡ್ ಎಲ್ಲಾ ಆಗೈತಿ.

ಎರಡು ವಿಷಯ ನೋಡ್ರಿ. ಹೊರದೇಶದಿಂದ ಬಂದ ಪೆಟ್ಟಿಗಿ ಮ್ಯಾಲ ಗೋಧಿ ತೆನಿ ಚಿತ್ರ ಇರೂ ಒಂದು ಸುಟ್ಟ ಠಸ್ಸೆ ಇರತೈತಿ. ಅದರಾಗ ‘ಎಚ್‌ಟಿ’ ಅಂತಿದ್ರ ಬಿಸಿ ಕೊಟ್ಟು ಹುಳಾ ಕೊಂದದ್ದು, ಮನಿಗೆ ತರಬಹುದು. ‘ಎಂಬಿ’ ಅಂತಿದ್ರ ಮೀಥೈಲ್ ಬ್ರೋಮೈಡ್ ಹೊಗಿ ಕೊಟ್ಟದ್ದು, ಬಿಟ್ಟಬಿಡ್ರಿ. ಎಣ್ಣಿ, ಕೆಮಿಕಲ್ ಕಲಿ ಬಿದ್ದದ್ದೂ ಬ್ಯಾಡ. ಇನ್ನ ಮೊಳಿ. ಎಲ್ಲಾ ಕಿತ್ತೀನಿ ಅನಕೊಂಡಾಗs ಒಂದು ಒಳಗ ಮುರದು ಕುಂತಿರತೈತಿ, ರಂದಾದ ಬ್ಲೇಡಿಗೆ ಅದು ಸಿಕ್ತಂದ್ರ ಬ್ಲೇಡ್ ಹೋತು. ಲೋಹಚುಂಬಕ ಹಿಡದು ಹಲಗಿ ಮ್ಯಾಲ ಆಡಿಸಿ ನೋಡಿ ಆಮ್ಯಾಲ ಕೆಲಸಾ ಶುರು ಮಾಡ್ರಿ.

ಸೈಕಲ್ ಮನಿ, ಬಾಗಲಕೋಟೆ

ಅಣ್ಣಾರ, ಬಾಗಲಕೋಟ್ಯಾಗ ಅಂಥಾ ಪೆಟ್ಟಿಗಿ ಎಲ್ಲಿ ಹುಡುಕಲಿ? ಹೊಲದಾಗ ಗಾಳಿಗೆ ಒಂದು ಬೇವಿನ ಗಿಡ ಬಿದ್ದೈತಿ. ಅದನ್ನ ಕೊಯ್ಸಿದ್ರ ಪ್ಲೈ ರೊಕ್ಕನೂ ಉಳಿತೈತೇನ?

ಬಡಿಗೇರ ಓಣಿ, ಮುಧೋಳ

ಉಳಿತೈತಿ, ಆದ್ರ ಶೋಕೇಸ್ ಮುಂದಿನ ವರ್ಷ. ಹಸಿ ಕಟ್ಟಿಗಿ ಕೊಯ್ದು ನೆಳ್ಳಾಗ ಒಂದರ ಮ್ಯಾಲ ಒಂದು ಇಟ್ಟು, ನಡುವ ಗಾಳಿ ಆಡಾಕ ಸಣ್ಣ ಪಟ್ಟಿ ಕೊಟ್ಟು, ಎರಡೂ ತುದಿಗೆ ಬಣ್ಣ ಬಳದು ಬಿಡಬೇಕು. ಒಂದು ಇಂಚ್ ದಪ್ಪಕ್ಕ ಒಂದು ವರ್ಷ ಅಂತ ನಮ್ಮ ಲೆಕ್ಕ. ಅವಸರಾ ಮಾಡಿ ಹಸೀದ್ರಾಗs ಮಾಡಿದ್ರ ಏಪ್ರಿಲ್ ಬಿಸಲಿಗೆ ಹಲಗಿ ತಿರಿವ್ಯಾಡಿ ಸ್ಕ್ರೂ ಕಿತ್ತಕೊಂಡು ಬರತಾವು. ಬೇವನ್ನ ಕೊಯ್ಸಿ ಇಡ್ರಿ ಮಾತ್ರ. ಗೆದ್ದಲ ಅದರ ತಂಟೇಕ ಜಲ್ದಿ ಹೋಗಂಗಿಲ್ಲ, ಮುಂದ ಯಾವುದಕ್ಕರ ಆಗ್ತೈತಿ.

ಕುಸುಬಿ ಎಣ್ಣಿ, ಸಿಂದಗಿ

ಪೇಂಟಿನ ಬದಲಿ ಎಣ್ಣಿ ಹಚ್ಚಿದ್ರ ಹೆಂಗ್ರಿ? ಮನ್ಯಾಗ ಗಾಣದ ಕುಸುಬಿ ಎಣ್ಣಿ ಅದ, ಅಗಸಿನೂ ಅದ. ನಮ್ಮ ಅಜ್ಜ ಬಂಡಿ ಮೂಕಿಗೆ ಅಗಸಿ ಎಣ್ಣಿನೇ ತಿಕ್ಕತಿದ್ದ.

ಲೆಕ್ಕದ ಮಾಸ್ತರ, ವಿಜಯಪುರ

ನಿಮ್ಮ ಅಜ್ಜನ ಆಯ್ಕೆ ಸರಿಯಾಗಿಯೇ ಇತ್ತು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಕುಸುಬಿಯೂ ಅದೇ ಜಾತಿ, ಬಣ್ಣದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ, ಆದರೆ ಒಣಗುವುದು ಇನ್ನೂ ನಿಧಾನ. ಶೇಂಗಾ ಎಣ್ಣೆ ಮಾತ್ರ ಹಚ್ಚಬೇಡಿ, ಅದು ಒಣಗುವ ಎಣ್ಣೆಯೇ ಅಲ್ಲ. ಜಿಡ್ಡು ಹಾಗೇ ಉಳಿದು ಕಮಟು ವಾಸನೆ ಹೊಡೆಯುತ್ತದೆ.

ಗಾಣದ ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ನಮ್ಮೂರ ಧೂಳೆಲ್ಲ ಅದರ ಮೇಲೆ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಅಂತ ಸಿಗುವುದು ಬೇಗ ಒಣಗುತ್ತದೆ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಹೊರಹೋಗದೆ ತಾನೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಹಗ್ಗದ ಮೇಲೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಮೇ ತಿಂಗಳ ವಿಜಯಪುರದಲ್ಲಿ ಇದನ್ನು ಹಗುರವಾಗಿ ತಗೊಳ್ಳಬಾರದು.

ಕುಸುಬಿ ಎಣ್ಣಿ, ಸಿಂದಗಿ

ಇದು ಗೊತ್ತಿರಲಿಲ್ಲ ಸರ್. ಕುಸುಬಿ ಎಣ್ಣಿ ಒಗ್ಗರಣಿಗೇ ಇರಲಿ ಬಿಡ್ರಿ.

ಬಡಿಗೇರ ಓಣಿ, ಮುಧೋಳ

ಎಣ್ಣಿ ಹಚ್ಚೂದು ಗಟ್ಟಿ ಕಟ್ಟಿಗಿಗೆ ಚಂದ. ಕಮರ್ಷಿಯಲ್ ಪ್ಲೈ ಮುಖ ಅಷ್ಟೇನ ನೋಡೂ ಹಂಗ ಇರಂಗಿಲ್ಲ, ಅದಕ್ಕ ಪೇಂಟ್ ಛಲೋ. ಪಾಲಿಶ್ ಪೇಪರ್ 120 ನಂಬರ್ ತಿಕ್ಕಿ ಒಂದು ಕೋಟ್ ಪ್ರೈಮರ್, ಹೊಳ್ಳಿ ನುಣುಪು ಪೇಪರ್, ಆಮ್ಯಾಲ ಎರಡು ಕೋಟ್ ಎನಾಮಲ್. ನಿಲುವಿನ ಕೆಳಗಿನ ಅಂಚಿಗೆ ಮಾತ್ರ ಕಂಜೂಸ್ ಆಗಬ್ಯಾಡ್ರಿ. ನೆಲಾ ಒರಸಿದಾಗೆಲ್ಲಾ ನೀರು ಏರೂದು ಅಲ್ಲಿಂದs. ಮೂರು ನಾಕು ಕೋಟ್ ಕುಡಸ್ರಿ, ಇಲ್ಲಾಂದ್ರ ರಬ್ಬರ್ ಬುಶ್ ಹಚ್ಚ್ರಿ.

ಗುಳೇದಗುಡ್ಡ ಖಣ

ನಾನು ಓದ್ತಾ ಇದ್ದೆ, ಒಂದು ಮಾತು ಹೇಳ್ಲೇನು? ಹಿಂದಿನ ಮೈ ಹಂಗs ಖಾಲಿ ಬಿಡಬ್ಯಾಡ್ರಿ. ನಮ್ಮ ಮನ್ಯಾಗ ಹಿಂದ ಖಣಾ, ಅಂದ್ರ ಕುಪ್ಪಸದ ಅರಿವಿ, ಹಚ್ಚೀವಿ. ಸೂಜಿಮಲ್ಲಿಗಿ ಡಿಸೈನ್, ಕೆಂಪು ಅಂಚು. ಮುಂದ ಹಿತ್ತಾಳಿ ಸಾಮಾನಾ ಇಟ್ರ ಏನ ಚಂದ ಕಾಣತೈತಿ ಗೊತ್ತೇನು. ಬಂದವರು ಶೋಕೇಸ್ ಬಿಟ್ಟು ಖಣದ ರೇಟ್ ಕೇಳ್ತಾರ!

ಖಣಾನ ಸೀದಾ ಕಟ್ಟಿಗಿಗೆ ಅಂಟಸಬ್ಯಾಡ್ರಿ. ಫೆವಿಕಾಲ್ ತೆಳ್ಳಗಾದ್ರ ಮುಂದ ಕಲಿ ಎದ್ದು ಕಾಣತಾವು. ಖಾನೆ ಅಳತಿಗೆ ದಪ್ಪ ರಟ್ಟು ಕತ್ತರಸಿ, ಖಣಾ ಅದರ ಮ್ಯಾಲ ಎಳದು ಹಿಂದ ಮಡಚಿ ಅಂಟಸ್ರಿ. ಆಮ್ಯಾಲ ರಟ್ಟನ್ನ ಖಾನ್ಯಾಗ ಕುಂದರಸ್ರಿ. ಧೂಳಾದ್ರ ತಗದು ಝಾಡಸಬಹುದು. ಒಯ್ಯೂ ಮುಂದ ಪನ್ನಾ (ಅರಿವಿ ಅಗಲ) ಅಳದು ನೋಡ್ರಿ, ಖಾನೆ ಅಗಲಕ್ಕ ಸಾಲಲಿಲ್ಲಂದ್ರ ಖಣಾ ಅಡ್ಡ ತಿರಗಿಸಿ ಕತ್ತರಸ್ರಿ, ಡಿಸೈನ್ ಅಡ್ಡಾದ್ರೂ ಚಂದs.

ಬಡಿಗೇರ ಓಣಿ, ಮುಧೋಳ

ಅಕ್ಕಾರು ಹೇಳಿದ್ದು ಛಲೋ ಆತು, ಮರ್ತಬಿಡತಿದ್ರು. ಹಿಂದಿನ ಮೈಗೆ ಹಲಗಿ ಬೇಕs ಬೇಕು, ಶೃಂಗಾರಕ್ಕಲ್ಲ. ಎರಡು ನಿಲುವು, ಐದು ಅಡ್ಡ ಅಷ್ಟs ಇದ್ರ ಪಕ್ಕಕ್ಕ ನೂಕಿದ್ರ ಜೋಕಾಲಿ ಹಂಗ ಓಲಾಡತೈತಿ. ಹಿಂದ 4 ಎಂಎಂ ಪ್ಲೈ ಒಂದು ಬಡದ ಕೂಡ್ಲೇ ಅಲುಗಾಟ ನಿಂತ್ ಬಿಡತೈತಿ. ಬಡಿಯೂ ಮುಂದ ಮೂಲಿಯಿಂದ ಮೂಲಿಗೆ ಟೇಪ್ ಹಿಡೀರಿ, ಎಡಗಡೆ ಮ್ಯಾಲಿಂದ ಬಲಗಡೆ ಕೆಳಗ, ಬಲಗಡೆ ಮ್ಯಾಲಿಂದ ಎಡಗಡೆ ಕೆಳಗ. ಎರಡೂ ಒಂದs ಬಂದ್ರ ಚೌಕಟ್ಟು ಮೂಲಿಮಟ್ಟಕ್ಕ ಐತಿ. ಫರಕ ಬಂದ್ರ ಉದ್ದ ಬಂದ ಮೂಲಿ ಒತ್ತಿ ಸರಿ ಮಾಡಿ, ಹಂಗs ಹಿಡದು ಮೊಳಿ ಹೊಡೀರಿ.

ಜೋಡಣಿ ಹೆಂಗಂದ್ರ, ನಿಲುವಿನ ಹೊರಗಿಂದ ಹಲಗಿ ಅಂಚಿಗೆ 2 ಇಂಚಿನ ಸ್ಕ್ರೂ, ಒಂದೊಂದು ತುದಿಗೆ ಮೂರು. ಮೊದಲ 3 ಎಂಎಂ ಬಿಟ್‌ಲೆ ತೂತು ಹಾಕ್ರಿ. ತೂತಿಲ್ದ ಸೀದಾ ತಿರುವಿದ್ರ ಪ್ಲೈ ಪದರಾ ಸೀಳತಾವು. ಫೆವಿಕಾಲ್ ಹಚ್ಚಿನೇ ಸ್ಕ್ರೂ ಹಾಕ್ರಿ. ಹೆಂಡಿ ಮೆತ್ತಿದಂಗ ಬ್ಯಾಡ, ಅಂಚಿಗೆ ಒಂದು ಗೆರಿ ಸಾಕು, ಹೊರಗ ಬಂದದ್ದನ್ನ ಹಸಿ ಅರಿವ್ಯಾಗ ಆಗಿಂದಾಗs ಒರಸ್ರಿ. ಒಣಗಿದ ಮ್ಯಾಲ ಅಲ್ಲಿ ಪೇಂಟ್ ಹಿಡಿಯಂಗಿಲ್ಲ.

ಗಾಂಧಿಚೌಕ ಬಾಡಗಿ ಮನಿ, ವಿಜಯಪುರ

ನಮ್ಮದು ಹಳೇ ಕಲ್ಲಿನ ಮನಿ, ಬಾಡಗಿದು. ಗೋಡಿಗೆ ಡ್ರಿಲ್ ಹಚ್ಚಿದ್ರ ಮಾಲಕರು ಮನಿ ಬಿಡಸ್ತಾರ. ಮಣ್ಣಿನ ಗಾರಿ ಗೋಡಿ ಬ್ಯಾರೆ, ಮೊಳಿ ಹೊಡದ್ರ ಉದರ್ತದ. ನಮ್ಮಂಥವರಿಗೆ ಏನರ ಅದ ಏನು?

ಉದ್ಯಮಬಾಗ ಸೆಕೆಂಡ್ ಶಿಫ್ಟ್, ಬೆಳಗಾವಿ

ಹಳೇ ಕಲ್ಲಿನ ಮನಿ ಅಂದ್ರ ಗೋಡ್ಯಾಗ ಮಾಡ ಇರತಾವಲ್ಲ, ಇನ್ನೇನು ಬೇಕು! ಮಾಡದ ನಡುವ ಒಂದು ಹಲಗಿ ಇಟ್ರ ಎರಡು ಖಾನೆ ಆತು. ಹಲಗಿ ಕುಂದರಸಾಕ ಮೊಳಿ ಬ್ಯಾಡ, ಎರಡೂ ಬಾಜೂಕ ನಿಲುವು ಪಟ್ಟಿ ಕೊಟ್ಟು ಅದರ ಮ್ಯಾಲ ಇಡ್ರಿ. ಹೋಗೂ ಮುಂದ ತಗೊಂಡು ಹೋಗ್ರಿ, ಮಾಲಕರಿಗೆ ಗೊತ್ತs ಆಗಂಗಿಲ್ಲ.

ಬಡಿಗೇರ ಓಣಿ, ಮುಧೋಳ

ಇನ್ನೂ ಸಸ್ತಾ ಬೇಕಂದ್ರ ಸಿಮೆಂಟ್ ಬ್ಲಾಕ್ ಮ್ಯಾಲ ಹಲಗಿ, ಹಲಗಿ ಮ್ಯಾಲ ಬ್ಲಾಕ್. ಸೊಂಟದ ಎತ್ತರಕ್ಕ ನಿಲ್ಲಸ್ರಿ, ಅದಕ್ಕಿಂತ ಮ್ಯಾಲ ಬ್ಯಾಡ. ಹಳೇ ಫರ್ಸಿ ನೆಲಾ ಮಟ್ಟಸ ಇರಂಗಿಲ್ಲ, ಯಾವ ಕಡೆ ತಗ್ಗು ಅಂತ ನೋಡಿ ಪ್ಲೈ ತುಣುಕು ಕೊಟ್ಟು ಮಟ್ಟಾ ಮಾಡ್ರಿ. ಕಲ್ಲಿನ ಗೋಡ್ಯಾಗ ತೂತು ಹಾಕಾಕ ಹೋಗಬ್ಯಾಡ್ರಿ ಅಂತ ಬಾಡಗಿ ಇಲ್ದವರಿಗೂ ಹೇಳ್ತೀನಿ. ಕಲ್ಲಿಗೆ ಬಿಟ್ ಜಲ್ದಿ ಇಳಿಯಂಗಿಲ್ಲ, ಸಂದಿಗೆ ಹಾಕಿದ್ರ ಗಿಟ್ಟಿ (ಸ್ಕ್ರೂ ಹಿಡಿಯೂ ಪ್ಲಗ್) ಹಿಡಿಯಂಗಿಲ್ಲ.

ಸೈಕಲ್ ಮನಿಯವರಿಗೆ ಮಾತ್ರ ಗೋಡಿಗೆ ಹಚ್ಚೂದು ಬಿಡಾಕ ಬರಂಗಿಲ್ಲ. ಐದು ಫೂಟ ಎತ್ತರ, ಎಂಟು ಇಂಚ್ ಆಳ, ಹತ್ತೂ ಹುಡುಗ. ಕೆಳಗಿನ ಹಲಗಿ ಮ್ಯಾಲ ಕಾಲಿಟ್ಟಾ ಅಂದ್ರ ಶೋಕೇಸ್ ಅವನ ಮ್ಯಾಲs ಬೀಳತೈತಿ. ಮ್ಯಾಲಿನ ಹಲಗಿ ಕೆಳಗ ಎರಡು ಎಲ್ ಕ್ಲಾಂಪ್ ಹಚ್ಚಿ ಗೋಡಿಗೆ ಸ್ಕ್ರೂ ಮಾಡ್ರಿ. ಬ್ಲಾಕ್ ಗೋಡಿಗೆ 8 ಎಂಎಂ ಗಿಟ್ಟಿ ಬರೋಬ್ಬರಿ. ಮ್ಯಾಲ ಗಿಲಾವ್ ಅರ್ಧಾ ಇಂಚಿಗಿಂತ ಜಾಸ್ತಿ ಇರತೈತಿ, ಅದಕ್ಕ ಗಿಟ್ಟಿ ಗಿಲಾವ್ ದಾಟಿ ಬ್ಲಾಕಿನ ಒಳಗ ಹೋಗೂ ಹಂಗ 2 ಇಂಚರ ತೂತು ಹಾಕ್ರಿ. ಸ್ವಿಚ್ ಬೋರ್ಡಿನ ಸೀದಾ ಮ್ಯಾಲ, ಸೀದಾ ಕೆಳಗ ಡ್ರಿಲ್ ಹಚ್ಚಬ್ಯಾಡ್ರಿ, ವಾಯರ್ ಹೋಗಿರತೈತಿ.

ತಿಕೋಟಾ ದ್ರಾಕ್ಷಿ, ವಿಜಯಪುರ

ಮುಂದ ಗಾಜು ಬ್ಯಾಡೇನು? ನಮ್ಮ ಕಡೆ ಮಾರ್ಚ್ ಬಂತಂದ್ರ ಮುಂಜಾನಿ ಒರಸಿದ್ದು ಸಂಜಿಗೆ ಮತ್ತ ಕೆಂಪಗ. ಗೋಕಾಕದ ಹಣ್ಣಿನ ಬಣ್ಣ ದಿನಾ ಹಸಿ ಅರಿವಿಲೆ ಒರಸಿದ್ರ ಉಳಿತದ ಏನು?

ಸೈಕಲ್ ಮನಿ, ಬಾಗಲಕೋಟೆ

ಅದನ್ನs ಕೇಳಬೇಕಂತಿದ್ದೆ. ಗಾಜಿನ ಬದಲಿ ಅಕ್ರಿಲಿಕ್ ಶೀಟ್ ಹಾಕಿದ್ರ? ಹುಡುಗ ಅದಾನಲ್ಲ, ಒಡಿಯೂ ಭಯ.

ಲೆಕ್ಕದ ಮಾಸ್ತರ, ವಿಜಯಪುರ

ಅಕ್ರಿಲಿಕ್ ಒಡೆಯುವುದು ಕಷ್ಟ, ನಿಜ. ಆದರೆ ಒಣಬಟ್ಟೆಯಲ್ಲಿ ಒರೆಸಿದಷ್ಟೂ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ, ಗೀರೂ ಬೀಳುತ್ತದೆ. ಗಾಜಾದರೆ 4 ಮಿಮೀ ಸಾಕು. ಚದರ ಮೀಟರಿಗೆ 10 ಕಿಲೋ ತೂಕ, ನಿಮ್ಮ ಇಡೀ ಮುಂಭಾಗಕ್ಕೆ ಹನ್ನೊಂದು ಹನ್ನೆರಡು ಕಿಲೋ ಆಗುತ್ತದೆ. 7¾ ಇಂಚಿನ ತೆಳು ಶೋಕೇಸಿನಲ್ಲಿ ಆ ತೂಕವೆಲ್ಲ ಮುಂದಕ್ಕೆ ಬರುತ್ತದೆ. ಆಗ ಗೋಡೆಯ ಕ್ಲಾಂಪ್ ಇನ್ನೂ ಮುಖ್ಯ.

ಬಡಿಗೇರ ಓಣಿ, ಮುಧೋಳ

ಇಡೀ ಮುಂಭಾಗಕ್ಕ ಗಾಜು ಯಾಕ? ಮ್ಯಾಲಿನ ಎರಡು ಖಾನೆಗೆ ಹಾಕ್ರಿ, ಮಣ್ಣೆತ್ತು, ಗೋಕಾಕದ ಹಣ್ಣು ಅಲ್ಲಿರಲಿ. ಕಪ್ ಒಣ ಅರಿವಿಲೆ ಒರಸೂವಂಥಾವು, ಅವು ತೆರದs ಇರಲಿ. ಗಾಜು ಸರಸೂ ಪ್ಲಾಸ್ಟಿಕ್ ಚಾನೆಲ್ ಸಿಗತೈತಿ, ಮ್ಯಾಲಿಂದು ಆಳ, ಕೆಳಗಿಂದು ತೆಳು. ಗಾಜು ಮ್ಯಾಲಿನ ಚಾನೆಲ್‌ನಾಗ ಎತ್ತಿ ಕೆಳಗಿಂದ್ರಾಗ ಇಳಸಬೇಕು. ಅದಕ್ಕ ಚಾನೆಲ್ ಹಚ್ಚಿದ ಮ್ಯಾಲs ಗಾಜಿನ ಅಳತಿ ತಗೋರಿ, ಮೊದಲs ಕೊಯ್ಸಿ ತರಬ್ಯಾಡ್ರಿ. ಅಂಚು ತಿಕ್ಕಿಸಿ ಕೊಡು ಅಂತ ಗಾಜಿನವಂಗ ಹೇಳ್ರಿ, ಇಲ್ಲಾಂದ್ರ ಬಟ್ಟು ಕೊಯ್ತೈತಿ.

ಕಿಡಕಿ ಬಾಜೂಕ ಇಡತೀರಿ ಅಂದ್ರಿ. ಬಿಸಲು ಸೀದಾ ಬೀಳೂ ಜಾಗಾ ಆದ್ರ ಹಣ್ಣಿನ ಬಣ್ಣ ಎರಡು ಬ್ಯಾಸಗಿಗೆ ಸಪ್ಪಗಾಗ್ತೈತಿ, ಗಾಜು ಇದ್ರೂ ಅಷ್ಟs. ಪಡದೆ ಹಾಕ್ರಿ.

ಮಳಿಗಾಲದ ಬೆಳಗಾವಿ

ಮೆಡಲ್ ಎಲ್ಲಿ ಹೋದ್ವು? ಇಷ್ಟೆಲ್ಲಾ ಮಾತಿನಾಗ ಅವನ್ನ ಎಲ್ಲಾರೂ ಮರ್ತರಿ.

ಸೈಕಲ್ ಮನಿ, ಬಾಗಲಕೋಟೆ

ಮಗಳು ಮರ್ತಿಲ್ಲ! ಹಳೇ ಸೈಕಲ್ಲಿನ ಚೈನ್ ವೀಲ್ ಒಂದು ಐತಿ, ಹಲ್ಲು ಸವದು ಬಿಚ್ಚಿಟ್ಟದ್ದು. ಅದನ್ನ ಶೋಕೇಸಿನ ಬಾಜೂಕ ಸ್ಕ್ರೂ ಮಾಡಿ, ಹಲ್ಲಿಗೊಂದು ಮೆಡಲ್ ಜೋತ ಬಿಡೂಣು ಅಂತಾಳ. ಹಲಗಿ ಹಿಡದು ನೋಡಿದ್ವಿ, 7¾ ಇಂಚಿನಾಗ ಕುಂದರತೈತಿ. ಗ್ರೀಸ್ ಸೀಮಿಎಣ್ಣ್ಯಾಗ ತೊಳದು ಒಣಗಾಕ ಇಟ್ಟಾಳ.

ಖರ್ಚಿನ ಲೆಕ್ಕಾ ಹೇಳ್ತೀನಿ. ಇಲ್ಲಿ 18 ಎಂಎಂ ಪ್ಲೈ ಚದರ ಫೂಟಿಗೆ 75 ರೂಪಾಯಿ ಅಂದ್ರು, ಅರ್ಧಾ ಶೀಟಿಗೆ 16 ಚದರ ಫೂಟ, 1200. ಹಿಂದಿನ ತೆಳು ಪ್ಲೈ 350. ಸ್ಕ್ರೂ, ಫೆವಿಕಾಲ್, ಕ್ಲಾಂಪ್, ಗಿಟ್ಟಿ ಎಲ್ಲಾ ಕೂಡಿ 250. ಪ್ರೈಮರ್, ಪೇಂಟ್ ಸಣ್ಣ ಡಬ್ಬಿ 450. ಎರಡೂಕಾಲು ಸಾವಿರಕ್ಕ ಬಂದು ನಿಂತೈತಿ. ಗಾಜು ಮುಂದಿನ ತಿಂಗಳ ನೋಡೂಣು.

ಒಂದs ತ್ರಾಸ, ಅಂಗಡಿಯವರು ಅರ್ಧಾ ಶೀಟ್ ಕೊಡಂಗಿಲ್ಲ ಅಂತಾರ. ತಗೊಂಡ್ರ ಇಡೀದು ತಗೋ ಅಂತಾರ.

ಗುಳೇದಗುಡ್ಡ ಖಣ

ಉಳಿದ ಅರ್ಧಾ ನನಗ ಕೊಡ್ರಿ ಅಣ್ಣಾರ. ನನಗೂ ಅಡಗಿಮನ್ಯಾಗ ಇಂಥದ್ದೊಂದು ಬೇಕಾಗೈತಿ, ಉಪ್ಪಿನಕಾಯಿ ಭರಣಿ ಇಡಾಕ. ನಿಮ್ಮ ಪಟ್ಟಿ ಕೊಯ್ಸೂ ಮುಂದ ನಂದೂ ಮೂರು ಪಟ್ಟಿ ಕೊಯ್ಸಿಡ್ರಿ. ರವಿವಾರ ನಮ್ಮ ಮನಿಯವರು ಟಂಟಂ ತಗೊಂಡು ಬಾಗಲಕೋಟಿಗೆ ಬರತಾರ. ರೊಕ್ಕದ ಜೋಡಿ ನಾಕು ಖಾನೆಗೆ ಆಗೂವಷ್ಟು ಖಣಾ ಕಳಸ್ತೀನಿ, ಬಣ್ಣ ಯಾವುದು ಅಂತ ಅಕ್ಕಾರನ್ನ ಕೇಳಿ ಹೇಳ್ರಿ.

ಸೈಕಲ್ ಮನಿ, ಬಾಗಲಕೋಟೆ

ಆತ್ರಿ ಅಕ್ಕಾರ! ಹಸರು ಅಂತಾರ, ಮೆಡಲ್ ಕೆಂಪು ಪಟ್ಟಿ ಎದ್ದು ಕಾಣತೈತಂತ.

ಬಡಿಗೇರ ಓಣಿ, ಮುಧೋಳ

ಅಕ್ಕಾರ, ಉಪ್ಪಿನಕಾಯಿ ಭರಣಿ ಅಂದ್ರ ಕಪ್ ಅಲ್ಲ, ಪುಸ್ತಕದಷ್ಟs ಭಾರ. ನಿಮ್ಮ ಹಲಗಿ 28½ ಬ್ಯಾಡ, 24 ಇಂಚ್ ಮಾಡ್ರಿ, ಮುಂದಿನ ಅಂಚಿಗೆ ಮಾಸ್ತರ ಹೇಳಿದ ಪಟ್ಟಿ ಹಚ್ಚ್ರಿ. ಅಡಗಿಮನಿ ಅಂದ್ರ ನೀರು, ಎಣ್ಣಿ ಎರಡೂ ಇರೂದs. ಹಿಂಗಾಗಿ ಪೇಂಟ್ ಎಲ್ಲಾ ಅಂಚಿಗೂ ಹತ್ತಬೇಕು, ಕಾಣೂದಕ್ಕಷ್ಟs ಅಲ್ಲ.

ಸೈಕಲ್ ಮನಿಯವರ, ಅಂಗಡ್ಯಾಗ ಕೊಯ್ಸೂ ಮುಂದ ಮುಖದ ಎಳಿ ಉದ್ದುದ್ದಕ್ಕ ಹೋಗೈತೇನು ಅಂತ ನೋಡ್ರಿ, ಅಡ್ಡ ಇದ್ರ ಆ ಶೀಟ್ ಬ್ಯಾಡ ಅನ್ರಿ. ಮನ್ಯಾಗ ಕೈಗರಗಸಲೆ ಅಡ್ಡ ಕೊಯ್ಯೂ ಮುಂದ ಛಲೋ ಮುಖ ಮ್ಯಾಲ ಇರಲಿ, ಗೆರಿ ಮ್ಯಾಲ ಪೇಂಟಿನವರ ಟೇಪ್ ಅಂಟಸ್ರಿ, ಸಿಗರು ಏಳಂಗಿಲ್ಲ. ಅಳ್ಯಾನ ಡ್ರಿಲ್‌ನಾಗ ಹ್ಯಾಮರ್ ಐತೇನು ಕೇಳ್ರಿ. ಇಲ್ಲಾಂದ್ರ ಬ್ಲಾಕ್ ಗೋಡಿಗೆ ಬ್ಯಾರೆ ತರಬೇಕಾಗ್ತೈತಿ.

ಸೈಕಲ್ ಮನಿ, ಬಾಗಲಕೋಟೆ

ಹ್ಯಾಮರ್ ಐತಂತ್ರಿ. ಬಿಟ್ ಮಾತ್ರ 6 ಎಂಎಂದು ಐತಿ, 8ರದು ನಾನs ತರತೀನಿ.